ಸಹಜವೂ ಸಂಸ್ಕಾರವೂ

ಹುಟ್ಟಿನೊಡನೆ ಬಂದುದನ್ನು ಕಲಿಯಬೇಕಾಗಿಲ್ಲವೆಂಬುದು ಲೋಕದ ಸಾಮಾನ್ಯವಾದ ನಂಬುಗೆ. ಮೀನಿಗೆ ಈಜನ್ನೂ ಶಿಶುವಿಗೆ ಸ್ತನ್ಯಪಾನವನ್ನೂ ಯಾವ ಗುರುವೂ ಬೋಧಿಸುವುದಿಲ್ಲ. ‘ಸಹಜ’ವೆಂಬ ಶಬ್ದದ ಅರ್ಥವೇ ಒಡನೆ ಹುಟ್ಟಿದ್ದು ಎಂದು. ಒಡಹುಟ್ಟಿದವನ ಪರಿಚಯ ಮಾಡಿಕೊಡಲು ಮೂರನೆಯವನೊಬ್ಬನು ಬೇಕಾದರೆ, ಆ ಮನೆಯಲ್ಲಿ ಹಿಂದೆ ಏನೋ ಅನಾಹುತ ನಡೆದಿರಬೇಕೆಂದು ಊಹಿಸುವುದು ನ್ಯಾಯವಾಗಿದೆ.

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಆಫ್ರಿಕಾ ಮೂಲದ ಅಸಂಖ್ಯ ಸ್ತ್ರೀಯರ ಬಾಳಿನಲ್ಲಿ ಇಂಥದೊಂದು ಸಂಗತಿಯನ್ನು ಕಾಣಬಹುದು. ಬಾಲ್ಯದಿಂದ ಬಿಸಿ ಬಾಚಣಿಗೆಯಿಂದಲೋ ರಾಸಾಯನಿಕ ಲೇಪದಿಂದಲೋ ನೆಟ್ಟಗೆ ಮಾಡಿಕೊಂಡು ಬಂದ ಕೂದಲನ್ನು ತ್ಯಜಿಸಿ, ಹುಟ್ಟುಗೂದಲನ್ನು ಅದರ ಸುರುಳಿಯೊಡನೆಯೇ ಬೆಳೆಯಿಸಬೇಕೆಂದು ಅವರು ನಿಶ್ಚಯಿಸುತ್ತಾರೆ. ನಿಶ್ಚಯವು ಒಂದು ದಿನದ್ದು. ಅದರ ನಿರ್ವಾಹವು ವರ್ಷಗಳದ್ದು. ಮೂವತ್ತು ನಲವತ್ತು ವರ್ಷ ವಯಸ್ಸಾದ, ವಿದ್ಯಾವತಿಯರಾದ ಸ್ತ್ರೀಯರು ತಮ್ಮ ತಲೆಯ ಕೂದಲನ್ನು ಮೊದಲ ಬಾರಿಗೆ ಕಂಡವರಂತೆ, ಇದನ್ನು ತೊಳೆಯುವುದು ಹೇಗೆ, ಬಾಚುವುದು ಹೇಗೆ ಎಂದು ಅಕ್ಷರಾಭ್ಯಾಸದ ಮಕ್ಕಳ ಹಾಗೆ ಕೇಳಬೇಕಾಗುತ್ತದೆ. ತನ್ನದೇ ಆದುದು ತನಗೆ ಅಪರಿಚಿತವಾಗುವುದು ಹೇಗೆ? ಅದನ್ನು ಕಲಿಯುವುದು ಧರ್ಮವೋ, ಕೇವಲ ರುಚಿಯೋ? ಕಲಿಕೆಯ ಭಾರವು ಯಾರ ಮೇಲೆ ಬೀಳತಕ್ಕದ್ದು? ಈ ಮೂರು ಪ್ರಶ್ನೆಗಳು ವಿಚಾರಾರ್ಹವಾಗಿವೆ.

ಮೊದಲು ವಸ್ತುಸ್ವರೂಪವನ್ನು ತಿಳಿಯಬೇಕು. ನೆಟ್ಟಗಿನ ಕೂದಲನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಅದು ಬಹುಮಟ್ಟಿಗೆ ದುಂಡಗಿರುವುದು. ಬಿಗಿಯಾದ ಸುರುಳಿಯ ಕೂದಲು ಚಪ್ಪಟೆಯಾಗಿ ಅಂಡಾಕಾರವಾಗಿರುವುದು. ಅದು ಹುಟ್ಟುವ ರೋಮಕೂಪವೇ ಬಾಗಿರುವುದರಿಂದ, ಚರ್ಮದಿಂದ ಹೊರಬರುವಾಗಲೇ ಕೂದಲು ಸುತ್ತಿಕೊಂಡು ಬರುತ್ತದೆ. ನೆತ್ತಿಯಲ್ಲಿ ಒಸರುವ ಜಿಡ್ಡು ನೆಟ್ಟಗಿನ ಕೂದಲಿನಲ್ಲಿ ಇಳಿಜಾರಿನ ನೀರಿನಂತೆ ತುದಿಯವರೆಗೆ ಇಳಿದುಹೋಗುವುದು. ಸುರುಳಿಗೂದಲಿನಲ್ಲಿ ತಿರುವು ತಿರುವಿಗೂ ತಡೆದು ಬುಡದಲ್ಲಿಯೇ ನಿಲ್ಲುವುದು. ಆದುದರಿಂದ ನೆತ್ತಿಯಲ್ಲಿ ಜಿಡ್ಡಿದ್ದರೂ ತುದಿಯು ಒಣಗಿರುತ್ತದೆ. ಪ್ರತಿಯೊಂದು ತಿರುವೂ ಕೂದಲು ಮುರಿಯಬಹುದಾದ ಒಂದೊಂದು ಸ್ಥಾನ. ಒಣಗಿದ ಮೇಲೆ ಸುರುಳಿಯು ಕುಗ್ಗುವುದರಿಂದ ಒಂದು ಮೊಳದ ಕೂದಲು ಗೇಣುದ್ದವಾಗಿ ತೋರುವುದುಂಟು. ಬೆಳೆಯುವುದೇ ಇಲ್ಲವೆಂದು ನೋಡುವವರು ಭ್ರಮಿಸುತ್ತಾರೆ. ಬೆಳೆದದ್ದೆಲ್ಲವೂ ಸುರುಳಿಯೊಳಗೆ ಅಡಗಿರುತ್ತದೆ.

ಇಂಥ ಕೂದಲಿಗೆ ನೆಟ್ಟಗಿನ ಕೂದಲಿನ ವಿಧಿಗಳು ಹೊಂದುವುದಿಲ್ಲ. ಕನ್ನಡದ ಮನೆಗಳಲ್ಲಿ ಬೆಳಿಗ್ಗೆ ಒಣಗಿದ ತಲೆಯನ್ನು ಬುಡದಿಂದ ತುದಿಯವರೆಗೆ ಬಾಚಿ ಹೆರಳು ಹಾಕುವುದು ವಾಡಿಕೆ. ಸುರುಳಿಗೂದಲಿನಲ್ಲಿ ಹಾಗೆ ಮಾಡಿದರೆ ಬಾಚಣಿಗೆಯ ಹಲ್ಲಾದರೂ ಮುರಿಯಬೇಕು, ಕೂದಲಾದರೂ ಮುರಿಯಬೇಕು. ಅದನ್ನು ನೀರಿನಿಂದಲೂ ನುಣುಪಾದ ಲೇಪದಿಂದಲೂ ಒದ್ದೆ ಮಾಡಿ, ನಾಲ್ಕೆಂಟು ಭಾಗಗಳಾಗಿ ವಿಂಗಡಿಸಿ, ಬೆರಳಿನಿಂದಲೋ ಅಗಲ ಹಲ್ಲಿನ ಬಾಚಣಿಗೆಯಿಂದಲೋ ತುದಿಯಲ್ಲಿ ಮೊದಲು ಮಾಡಿ ಮೆಲ್ಲಮೆಲ್ಲನೆ ಬುಡದ ಕಡೆಗೆ ಸಿಕ್ಕು ಬಿಡಿಸಬೇಕು. ದಿನದಿನವೂ ಸಾಬೂನು ಸಲ್ಲದು. ಮೊದಲು ನೀರು, ಆ ನೀರು ಆರಿಹೋಗದಂತೆ ಅದರ ಮೇಲೆ ಎಣ್ಣೆಯೋ ಷಿಯಾ ಮರದ ಬೀಜದ ಬೆಣ್ಣೆಯೋ; ಈ ಕ್ರಮ ತಪ್ಪಿದರೆ ಒಣಕೂದಲಿಗೆ ಜಿಡ್ಡು ಬಳಿದಂತಾಗಿ ಶುಷ್ಕತೆ ಹೋಗುವುದಿಲ್ಲ. ರಾತ್ರಿ ಹತ್ತಿಯ ದಿಂಬು ತೇವವನ್ನು ಹೀರುವುದರಿಂದ ರೇಷ್ಮೆಯ ಬಟ್ಟೆಯನ್ನು ಕಟ್ಟಿಕೊಂಡು ಮಲಗಬೇಕು. ಸಣ್ಣ ಸಣ್ಣ ಜಡೆಗಳಾಗಿ ಹೆಣೆದರೆ ಕೂದಲಿಗೆ ರಕ್ಷಣೆ. ಅತಿ ಬಿಗಿಯಾಗಿ ಹೆಣೆದರೆ ಹಣೆಯಂಚಿನ ಕೂದಲು ಬುಡಸಹಿತ ಉದುರಿ ಕಡೆಗೆ ಮರಳಿ ಬೆಳೆಯದೆಯೇ ಹೋಗಬಹುದು. ಹೀಗೆ ಇದೊಂದು ಶಾಸ್ತ್ರವೇ ಸರಿ; ತಲೆ ತೊಳೆಯುವ ದಿನವೆಂದರೆ ಅರ್ಧ ದಿನದ ಕೆಲಸ.

ಈ ಶಾಸ್ತ್ರವು ಹೊಸದಲ್ಲ. ಪಶ್ಚಿಮ ಆಫ್ರಿಕಾದ ಯೊರುಬಾ ಮೊದಲಾದ ಜನಾಂಗಗಳಲ್ಲಿ ಕೇಶರಚನೆಯು ಗೌರವದ ಕಲೆಯಾಗಿತ್ತು. ಯೊರುಬರು ಶಿರಸ್ಸನ್ನು ಮನುಷ್ಯನ ಭಾಗ್ಯದ ಆಸನವೆಂದು ತಿಳಿಯುವರು. ಅಲ್ಲಿನ ತಾಯಿ ಮಗಳನ್ನು ಮೊಣಕಾಲುಗಳ ನಡುವೆ ಕೂಡಿಸಿಕೊಂಡು ಹೆಣೆಯುವಾಗ ವಿದ್ಯೆಯು ಕೈಯಿಂದ ಕೈಗೆ ದಾಟುತ್ತಿತ್ತು. ಆ ಜನರನ್ನು ಗುಲಾಮರನ್ನಾಗಿ ಹಿಡಿದು ಸಮುದ್ರ ದಾಟಿಸಿದಾಗ ಬಾಚಣಿಗೆ ಹೋಯಿತು, ಎಣ್ಣೆ ಹೋಯಿತು, ಎಲ್ಲಕ್ಕಿಂತ ಹೆಚ್ಚಾಗಿ ಬಿಡುವು ಹೋಯಿತು. ಭಾನುವಾರದ ಅಲ್ಪ ವಿರಾಮದಲ್ಲಿ ಒಬ್ಬರ ತಲೆಯನ್ನೊಬ್ಬರು ನೋಡಿಕೊಂಡು ಉಳಿಸಿಕೊಂಡಷ್ಟೇ ಉಳಿಯಿತು. ಸ್ವತಂತ್ರರಾದವರಿಗೂ ನೆಮ್ಮದಿಯಿರಲಿಲ್ಲ. ೧೭೮೬ರಲ್ಲಿ, ಸ್ಪೇನಿನ ಅಧೀನದಲ್ಲಿದ್ದ ಲೂಯಿಸಿಯಾನಾ ಪ್ರಾಂತದ ಗವರ್ನರನಾದ ಮಿರೋ ಎಂಬವನು ಆಫ್ರಿಕಾ ಮೂಲದ ಸ್ವತಂತ್ರ ಸ್ತ್ರೀಯರು ಕೇಶಾಲಂಕಾರವನ್ನು ತೋರಿಸದೆ ತಲೆಗೆ ಬಟ್ಟೆ ಕಟ್ಟಿಕೊಳ್ಳಬೇಕೆಂದು ವಿಧಿಸಿದನು. ಅವರು ಆ ಬಟ್ಟೆಯನ್ನೇ ಬಣ್ಣಬಣ್ಣದಿಂದ ಕಟ್ಟಿ ಅಲಂಕಾರವನ್ನಾಗಿ ಮಾಡಿಕೊಂಡರೆಂಬುದು ಬೇರೆಯ ಮಾತು.

ಗುಲಾಮಗಿರಿ ನಿಂತ ಮೇಲೆ ‘ಒಳ್ಳೆಯ ಕೂದಲು’ ‘ಕೆಟ್ಟ ಕೂದಲು’ ಎಂಬ ಮಾತುಗಳು ಆ ಜನರ ಮನೆಯೊಳಗೇ ನೆಲೆಸಿದವು. ಒಳ್ಳೆಯದೆಂದರೆ ಯಜಮಾನನ ಕೂದಲನ್ನು ಹೋಲತಕ್ಕದ್ದು. ಒಲೆಯ ಮೇಲೆ ಕಾಯಿಸಿದ ಲೋಹದ ಬಾಚಣಿಗೆಯಿಂದ ಅಡಿಗೆಮನೆಯಲ್ಲಿ ಹೆಣ್ಣುಮಕ್ಕಳ ಕೂದಲನ್ನು ಎಳೆದು ನೆಟ್ಟಗೆ ಮಾಡುವುದು ರೂಢಿಯಾಯಿತು. ಎಷ್ಟು ಎಳೆದರೂ ಬಗ್ಗದೆ ಸುರುಳಿಯಾಗಿಯೇ ಉಳಿಯುವ ಹಿಂಗತ್ತಿನ ಕೂದಲಿಗೆ ಅವರ ಆಡುಮಾತಿನಲ್ಲಿ ‘ಕಿಚನ್’ ಎಂದು, ಎಂದರೆ ಅಡಿಗೆಮನೆಯೆಂದೇ, ಹೆಸರು.

ಈ ಕಾಲದ ಪ್ರಸಿದ್ಧ ವ್ಯಕ್ತಿಯೆಂದರೆ ಮೇಡಮ್ ಸಿ. ಜೆ. ವಾಕರ್. ೧೮೬೭ರಲ್ಲಿ, ಹಿಂದೆ ಗುಲಾಮರಾಗಿದ್ದ ತಾಯ್ತಂದೆಗಳಿಗೆ ಜನಿಸಿ, ಬಟ್ಟೆ ಒಗೆದು ಜೀವಿಸುತ್ತಿದ್ದ ಈಕೆಯ ತಲೆಗೂದಲು ಉದುರಲಾರಂಭಿಸಿತು. ಅದಕ್ಕೆ ಲೇಪವೊಂದನ್ನು ಸಿದ್ಧಪಡಿಸಿ ಮಾರುತ್ತ, ಇಂಡಿಯಾನಾಪೊಲಿಸ್ ನಗರದಲ್ಲಿ ಕಾರ್ಖಾನೆ ಕಟ್ಟಿ, ಸಾವಿರಾರು ಸ್ತ್ರೀಯರಿಗೆ ಸ್ವತಂತ್ರವಾದ ಜೀವನೋಪಾಯವನ್ನು ಕಲ್ಪಿಸಿ, ೧೯೧೯ರಲ್ಲಿ ಧನಿಕಳಾಗಿ ಮೃತಳಾದಳು. ಬಿಸಿ ಬಾಚಣಿಗೆಯನ್ನು ಕಂಡುಹಿಡಿದವಳು ಇವಳೇ ಎಂಬ ಹೇಳಿಕೆ ಸರಿಯಲ್ಲ. ಆದರೆ ಆಕೆಯ ಪದ್ಧತಿಯಲ್ಲಿ ಅದಕ್ಕೂ ಸ್ಥಾನವಿತ್ತು. ನೆತ್ತಿಯ ಆರೋಗ್ಯವನ್ನು ಕಲಿಸಿದ ಕೈಯೇ ಸುರುಳಿಯನ್ನು ಅಳಿಸುವುದಕ್ಕೂ ನೆರವಾಯಿತು. ಹೊಟ್ಟೆಪಾಡೂ ಮರ್ಯಾದೆಯೂ ನೆಟ್ಟಗಿನ ಕೂದಲಿಗೆ ಗಂಟುಬಿದ್ದಿದ್ದ ಕಾಲದಲ್ಲಿ ಆಕೆಯನ್ನು ಹಳಿಯುವುದು ಸುಲಭ, ನ್ಯಾಯವಲ್ಲ. ಮುಂದೆ ಕಾಸ್ಟಿಕ್ ಸೋಡಾ ಮೊದಲಾದ ತೀಕ್ಷ್ಣ ಕ್ಷಾರಗಳ ಲೇಪಗಳು ಬಂದವು. ಮಗುವಿನ ತಲೆಗೆ ಅದನ್ನು ಹಚ್ಚಿ, ಉರಿ ತಡೆಯಲಾರದೆ ಮಗು ಅತ್ತಾಗ ತೊಳೆಯುವುದು ಮನೆಮನೆಯ ಕ್ರಮವಾಯಿತು. ಎರಡು ಮೂರು ತಲೆಮಾರು ಹೀಗೆಯೇ ಕಳೆದ ಮೇಲೆ, ಸುರುಳಿಗೂದಲನ್ನು ಕಾಪಾಡಲು ಬಲ್ಲ ಕೈಗಳು ಅನೇಕ ಮನೆಗಳಲ್ಲಿ ಇಲ್ಲವಾದವು.

ಇಲ್ಲಿ ತರ್ಕಶಾಸ್ತ್ರದ ಒಂದು ವಿಭಾಗವು ವಿಷಯವನ್ನು ಬಹಳ ಚೆನ್ನಾಗಿ ಬೆಳಗುತ್ತದೆ. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರು ಸಂಸ್ಕಾರವೆಂಬ ಗುಣವು ಮೂರು ಬಗೆಯೆಂಬುದನ್ನು ಬಲ್ಲರು: ವೇಗ, ಭಾವನಾ, ಸ್ಥಿತಿಸ್ಥಾಪಕ. ಬೇರೆ ಆಕಾರಕ್ಕೆ ತಂದ ವಸ್ತುವನ್ನು ಮತ್ತೆ ಮೊದಲಿನ ಸ್ಥಿತಿಗೆ ಒಯ್ಯುವುದು ಸ್ಥಿತಿಸ್ಥಾಪಕ. ಇದು ಚಾಪೆ ಮೊದಲಾದ ಪಾರ್ಥಿವ ವಸ್ತುಗಳಲ್ಲಿರುವುದು. ಅನುಭವದಿಂದ ಹುಟ್ಟಿ ಸ್ಮೃತಿಗೆ ಕಾರಣವಾಗತಕ್ಕದ್ದು ಭಾವನಾ. ಇದು ಆತ್ಮನಲ್ಲಿ ಮಾತ್ರವೇ ಇರುವುದು. ಸುರುಳಿಗೂದಲಿನಲ್ಲಿ ಸ್ಥಿತಿಸ್ಥಾಪಕವು ಪ್ರತ್ಯಕ್ಷವಾಗಿ ಕಾಣುವುದು. ಬಿಸಿ ಬಾಚಣಿಗೆಯಿಂದ ನೆಟ್ಟಗಾದ ಕೂದಲು ಒಂದು ಮಳೆಹನಿ ಬಿದ್ದರೆ, ನೆತ್ತಿ ಬೆವರಿದರೆ, ಮರಳಿ ಸುರುಳಿಯಾಗುತ್ತದೆ. ಕ್ಷಾರದಿಂದ ಸುಟ್ಟ ಭಾಗವು ಮರಳದಿದ್ದರೂ ಬುಡದಿಂದ ಹೊಸದಾಗಿ ಬರುವ ಕೂದಲು ಸುತ್ತಿಕೊಂಡೇ ಬರುತ್ತದೆ. ನೂರು ವರ್ಷ ಸುಟ್ಟರೂ ರೋಮಕೂಪವು ತನ್ನ ಬಾಗನ್ನು ಮರೆಯಲಿಲ್ಲ. ಆದರೆ ಆ ಕೂದಲನ್ನು ಲಾಲಿಸುವ ಬಗೆಯು ಪಾರ್ಥಿವ ಗುಣವಲ್ಲ. ಅದು ಭಾವನಾಸಂಸ್ಕಾರ, ಅನುಭವದಿಂದಲೇ ಹುಟ್ಟಬೇಕಾದದ್ದು. ಅನುಭವದ ಪರಂಪರೆ ಕಡಿದರೆ ಅದು ತಾನಾಗಿ ಮರಳುವುದಿಲ್ಲ. ಕೂದಲಿಗೆ ನೆನಪಿದೆ, ಕೈಗೆ ಮರೆತಿದೆ. ‘ಸಹಜ’ಕ್ಕೆ ಹಿಂದಿರುಗುವವರ ಕಷ್ಟದ ಮೂಲವು ಇದೇ.

ದೀಪಾವಳಿಯ ಮುಂಜಾನೆ ಅಜ್ಜಿಯಿಂದ ಎಣ್ಣೆ ಒತ್ತಿಸಿಕೊಂಡು ಬೆಳೆದ ಕನ್ನಡದ ಹುಡುಗಿಗೆ ತಾನು ಏನನ್ನಾದರೂ ಕಲಿಯುತ್ತಿರುವೆನೆಂಬ ಅರಿವೇ ಇರುವುದಿಲ್ಲ. ಕಲಿತದ್ದು ತಿಳಿಯದಷ್ಟು ಮೆಲ್ಲಗೆ ಕಲಿತದ್ದನ್ನೇ ಜನರು ಸಹಜವೆಂದು ಕರೆಯುವರು. ಆ ಮೆಲ್ಲನೆಯ ಕಲಿಕೆಯನ್ನು ಕಳೆದುಕೊಂಡವರಿಗೆ ಮಾತ್ರ, ಸಹಜವೆಂಬುದರಲ್ಲಿ ಎಷ್ಟು ಸಂಸ್ಕಾರವು ಅಡಗಿತ್ತೆಂದು ಗೋಚರವಾಗುತ್ತದೆ.

ಈಗ ಹೊಸದಾಗಿ ಕಲಿಯುವವರ ಪಾಡನ್ನು ನೋಡಬಹುದು. ಕೂದಲು ತಿಂಗಳಿಗೆ ಸುಮಾರು ಅರ್ಧ ಅಂಗುಲದಂತೆ ಬೆಳೆಯುತ್ತದೆ. ಒಂದು ಅಡಿಗೆ ಎರಡು ವರ್ಷ ಬೇಕು. ಕೆಲವರು ಸುಟ್ಟ ಕೂದಲನ್ನೆಲ್ಲ ಒಂದೇ ದಿನ ಕತ್ತರಿಸಿ, ಅಂಗುಲದಷ್ಟು ಸುರುಳಿಯೊಡನೆ ಆರಂಭಿಸುವರು; ಅವರಿಗೆ ಕನ್ನಡಿಯೂ ಬಂಧುಗಳ ಮಾತೂ ಕಷ್ಟ. ಕೆಲವರು ಬುಡದಲ್ಲಿ ಸುರುಳಿಯನ್ನೂ ತುದಿಯಲ್ಲಿ ನೆಟ್ಟಗಿನದನ್ನೂ ಇಟ್ಟುಕೊಂಡು ಕ್ರಮವಾಗಿ ದಾಟುವರು. ಅವರ ಕೂದಲು ಎರಡೂ ಕೂಡುವ ಗೆರೆಯಲ್ಲಿಯೇ ಮುರಿಯುತ್ತದೆ. ಒಬ್ಬಳಿಗೆ ಒಗ್ಗಿದ ಎಣ್ಣೆ ಇನ್ನೊಬ್ಬಳಿಗೆ ಒಗ್ಗದು. ಒಂದೇ ತಲೆಯಲ್ಲಿ ನೆತ್ತಿಯ ಸುರುಳಿ ಒಂದು ತೆರ, ಹಿಂಗತ್ತಿನದು ಇನ್ನೊಂದು ತೆರ. ಇವೆಲ್ಲಕ್ಕಿಂತ ಕಠಿನವಾದದ್ದು ಕೈಯ ಹಳೆಯ ಅಭ್ಯಾಸ. ಬಾಲ್ಯದಿಂದ ಬಗ್ಗಿಸುವುದಕ್ಕೆ ಪಳಗಿದ ಕೈಯು ಸಿಕ್ಕನ್ನು ಕಂಡೊಡನೆ ಎಳೆಯುತ್ತದೆ. ಶತ್ರುವೆಂದು ಹೇಳಿಕೊಟ್ಟುದನ್ನು ಮಗುವಿನಂತೆ ಮುಟ್ಟುವುದಕ್ಕೆ ಎಣ್ಣೆ ಬಾಚಣಿಗೆಗಳು ಸಾಲವು, ಸಹನೆ ಬೇಕು.

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಕೂದಲು ದೇಹದ ಮಲಗಳಲ್ಲಿ ಒಂದು; ಕತ್ತರಿಸಿದರೆ ನೋವಿಲ್ಲ, ಬಿಟ್ಟರೆ ಪುಣ್ಯವಿಲ್ಲ. ಇಂಥ ಅಲ್ಪವಸ್ತುವಿನಲ್ಲಿ ಧರ್ಮಾಧರ್ಮದ ವಿಚಾರವೇಕೆ? ಇದಕ್ಕೆ ಸಮಾಧಾನವು ಹೀಗೆ. ವಸ್ತುವು ಅಲ್ಪವಾದರೂ ಅದನ್ನು ನೆಪಮಾಡಿಕೊಂಡು ಮನುಷ್ಯನಿಗೆ ಮಾಡುವ ಅನ್ಯಾಯವು ಅಲ್ಪವಲ್ಲ. ದಕ್ಷಿಣ ಆಫ್ರಿಕಾದಲ್ಲಿ ೧೯೫೦ರ ಜನವರ್ಗೀಕರಣದ ಕಾನೂನು ಜಾರಿಯಲ್ಲಿದ್ದಾಗ ಮನುಷ್ಯನ ಕೂದಲಲ್ಲಿ ಪೆನ್ಸಿಲ್ಲನ್ನು ಸಿಕ್ಕಿಸಿ ನೋಡುವ ಪರೀಕ್ಷೆಯೊಂದು ಬಳಕೆಯಲ್ಲಿತ್ತು. ಪೆನ್ಸಿಲ್ಲು ಜಾರಿ ಬಿದ್ದರೆ ಒಂದು ವರ್ಗ, ಸಿಕ್ಕಿಕೊಂಡರೆ ಇನ್ನೊಂದು ವರ್ಗ. ಅದರ ಮೇಲೆ ಅವನ ಮನೆ, ವಿದ್ಯೆ, ವಿವಾಹಗಳೆಲ್ಲ ನಿಂತಿದ್ದವು. ಕಾನೂನು ೧೯೯೧ರಲ್ಲಿ ರದ್ದಾಯಿತು. ಆದರೂ ೨೦೧೬ರಲ್ಲಿ ಪ್ರಿಟೋರಿಯಾ ನಗರದ ಒಂದು ಬಾಲಿಕಾ ಪ್ರೌಢಶಾಲೆಯ ವಿದ್ಯಾರ್ಥಿನಿಯರು, ತಮ್ಮ ಹುಟ್ಟುಗೂದಲನ್ನು ಅಚ್ಚುಕಟ್ಟಲ್ಲವೆಂದು ಶಾಲೆಯು ದೂಷಿಸುವುದನ್ನು ಪ್ರತಿಭಟಿಸಬೇಕಾಯಿತು. ಒಂದು ಮಗುವಿನ ತಲೆ ಹುಟ್ಟಿನಿಂದಲೇ ಅಶಿಸ್ತೆಂದು ಪಾಠಶಾಲೆಯೇ ಹೇಳಿದ ಮೇಲೆ, ಆ ಮಗುವಿಗೆ ಬೇರೆ ಯಾವ ಪಾಠವು ಹತ್ತೀತು?

೧೯೮೧ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವೊಂದು ಕೊಟ್ಟ ತೀರ್ಪು ಪ್ರಕೃತ ವಿಷಯಕ್ಕೆ ಇನ್ನೂ ಹತ್ತಿರವಾದದ್ದು. ವಿಮಾನಸಂಸ್ಥೆಯೊಂದರ ಉದ್ಯೋಗಿಯಾದ ಆಫ್ರಿಕಾ ಮೂಲದ ಮಹಿಳೆಯು ತಲೆಗೆ ಅಂಟಿದಂತೆ ಸಾಲುಸಾಲಾಗಿ ಹೆಣೆದ ಜಡೆಯನ್ನು ಇಟ್ಟುಕೊಳ್ಳಲು ಅನುಮತಿ ಕೇಳಿದಳು. ಹೆಣೆದ ಜಡೆಯು ಸಹಜವಾಗಿ ಬೆಳೆದದ್ದಲ್ಲ, ಕೃತ್ರಿಮ. ಆದುದರಿಂದ ಬದಲಾಯಿಸಿಕೊಳ್ಳಬಹುದು ಎಂಬ ಅಭಿಪ್ರಾಯದಿಂದ ನ್ಯಾಯಾಲಯವು ಆಕೆಯ ವಾದವನ್ನು ತಳ್ಳಿತು. ಈ ತರ್ಕದ ದೋಷವು ಮೇಲೆ ಹೇಳಿದುದರಿಂದ ಸ್ಪಷ್ಟವಾಗುವುದು. ಸುರುಳಿಗೂದಲು ಸಿಕ್ಕಾಗದೆ ಮುರಿಯದೆ ಉಳಿಯಬೇಕಾದರೆ ಹೆಣೆಯುವುದು ಅದರ ಪ್ರಕೃತಿಯೇ ಬೇಡುವ ಉಪಚಾರ. ಭತ್ತವು ನೀರನ್ನು ಬೇಡುವುದು ಸಹಜ, ಕಾಲುವೆ ತೋಡುವುದು ಕೃತ್ರಿಮ ಎಂದು ಕಾಲುವೆಯನ್ನು ಮುಚ್ಚಿಸಿದರೆ ಭತ್ತವು ಉಳಿಯುವುದುಂಟೆ? ಪ್ರಕೃತಿಯನ್ನು ಒಪ್ಪಿ, ಅದಕ್ಕೆ ಬೇಕಾದ ಸಂಸ್ಕಾರವನ್ನು ನಿಷೇಧಿಸುವುದು ಪ್ರಕೃತಿಯನ್ನೇ ನಿಷೇಧಿಸಿದಂತೆ. ೨೦೧೯ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ಎಲ್ಲಕ್ಕಿಂತ ಮೊದಲು, ಸುರುಳಿಗೂದಲನ್ನೂ ಹೆಣೆದ ಜಡೆಗಳನ್ನೂ ಕಾರಣವಾಗಿಟ್ಟುಕೊಂಡು ಶಾಲೆಗಳಲ್ಲಿ ಉದ್ಯೋಗಗಳಲ್ಲಿ ಭೇದವೆಣಿಸಬಾರದೆಂದು ‘ಕ್ರೌನ್’ ಎಂಬ ಕಾಯಿದೆಯನ್ನು ಮಾಡಿತು. ಅನಂತರ ಇಪ್ಪತ್ತಕ್ಕಿಂತ ಹೆಚ್ಚು ರಾಜ್ಯಗಳು ಅದನ್ನು ಅನುಸರಿಸಿವೆ. ಅಂಥದೇ ಮಸೂದೆಯು ೨೦೨೨ರಲ್ಲಿ ಇಡೀ ದೇಶದ ಪ್ರತಿನಿಧಿಸಭೆಯಲ್ಲಿ ಅಂಗೀಕೃತವಾದರೂ ಸೆನೆಟ್ಟಿನಲ್ಲಿ ಸಾಗಲಿಲ್ಲ.

ಇನ್ನೊಂದು ಶಂಕೆಯು ಇದಕ್ಕಿಂತ ಬಲವಾದುದು. ಸಹಜವನ್ನು ಕಾಪಾಡುವುದು ಧರ್ಮವಾದರೆ ಕೂದಲನ್ನು ನೆಟ್ಟಗೆ ಮಾಡಿಕೊಳ್ಳುವವಳು ಅಧರ್ಮಿಯೆ? ಉಗುರು ಕತ್ತರಿಸುವುದೂ ಕಿವಿ ಚುಚ್ಚುವುದೂ ಸಹಜಕ್ಕೆ ವಿರುದ್ಧವಲ್ಲವೆ? ಹಾಗೆ ಹೇಳುವುದು ಸರಿಯಲ್ಲ. ಧರ್ಮವಿಚಾರದಲ್ಲಿ ಕ್ರಿಯೆಯ ಜೊತೆಗೆ ಅದರ ಪ್ರೇರಣೆಯನ್ನೂ ನೋಡಬೇಕು. ಅಲಂಕಾರದ ರುಚಿಯಿಂದ ಒಂದು ದಿನ ನೆಟ್ಟಗೂ ಒಂದು ದಿನ ಸುರುಳಿಯಾಗಿಯೂ ಇಟ್ಟುಕೊಳ್ಳುವವಳು ತನ್ನ ಕೂದಲಿನ ಒಡತಿ. ಕೆಲಸ ತಪ್ಪೀತು, ಸಭೆಯಲ್ಲಿ ನಕ್ಕಾರು ಎಂಬ ಭಯದಿಂದ ತನ್ನ ಹುಟ್ಟನ್ನು ಬಚ್ಚಿಡುವವಳಿಗೆ ಆ ಒಡೆತನವಿಲ್ಲ; ಆದರೆ ದೋಷವು ಭಯಪಟ್ಟವಳದ್ದಲ್ಲ, ಭಯಪಡಿಸಿದವರದ್ದು. ಆದುದರಿಂದ ಧರ್ಮವು ವಿಧಿಸುವುದು ಸುರುಳಿಯನ್ನಲ್ಲ, ಅಭಯವನ್ನು. ಅಷ್ಟರಲ್ಲಿ ತಿಳಿಯತಕ್ಕದ್ದೂ ಒಂದುಂಟು. ನೆಟ್ಟಗೆ ಮಾಡುವ ರಾಸಾಯನಿಕಗಳನ್ನು ಪದೇ ಪದೇ ಬಳಸುವವರಲ್ಲಿ ಗರ್ಭಕೋಶದ ಕ್ಯಾನ್ಸರು ಹೆಚ್ಚಾಗಿ ಕಂಡುಬರುತ್ತದೆಂದು ೨೦೨೨ರಲ್ಲಿ ಅಮೆರಿಕಾದ ಸರ್ಕಾರಿ ಆರೋಗ್ಯಸಂಸ್ಥೆಯ ಸಂಶೋಧಕರು ಪ್ರಕಟಿಸಿದರು. ಒಂದಕ್ಕೆ ಇನ್ನೊಂದು ಕಾರಣವೆಂದು ಅದರಿಂದ ಸಿದ್ಧವಾಗದಿದ್ದರೂ, ಬೆಲೆಯನ್ನು ತಿಳಿಯದೆ ಕೊಳ್ಳುವುದು ಸ್ವಾತಂತ್ರ್ಯವಲ್ಲ.

ಸಹಜದ ಹೆಸರಿನಲ್ಲಿಯೂ ಹೊಸ ಮೇಲುಕೀಳು ಹುಟ್ಟದಂತೆ ಎಚ್ಚರವಾಗಿರಬೇಕು. ಕೂದಲನ್ನು ಒಂದರಿಂದ ನಾಲ್ಕರವರೆಗೆ ಅಂಕಿ ಕೊಟ್ಟು ವಿಂಗಡಿಸುವ ಕ್ರಮವೊಂದು ಈಗ ಪ್ರಸಿದ್ಧವಾಗಿದೆ. ಉಪಚಾರವನ್ನು ತಿಳಿಯಲು ಅದು ಉಪಯುಕ್ತ. ಆದರೆ ಸಡಿಲವಾದ ಸುರುಳಿಯೇ ಚೆಲುವೆಂದೂ, ನಾಲ್ಕನೆಯ ವರ್ಗದ ಬಿಗಿಯಾದ ಸುರುಳಿಯು ಕೀಳೆಂದೂ ಭಾವಿಸುವವರು ಸುರುಳಿಗೂದಲಿನವರಲ್ಲಿಯೇ ಇದ್ದಾರೆ. ಸಂಸ್ಕೃತದ ಮತ್ತು ಕನ್ನಡದ ಕವಿಗಳು ಕುಟಿಲಕುಂತಲವನ್ನು ದುಂಬಿಗೆ ಹೋಲಿಸಿ ಮನದಣಿಯೆ ಹೊಗಳಿದ್ದಾರೆ. ಆದರೆ ಆ ಹೊಗಳಿಕೆಯು ಹಣೆಯ ಮೇಲೆ ಇಳಿದು ಓಲಾಡುವ ಮುಂಗುರುಳಿಗೆ ಸಂದದ್ದು, ಮೇಲಕ್ಕೆದ್ದು ನಿಲ್ಲುವ ಬಿಗಿಸುರುಳಿಗಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಡೆಗಳಲ್ಲಿ ತಲೆಮಾರುಗಳಿಂದ ನೆಲೆಸಿರುವ, ೨೦೦೩ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಸಿದ್ದಿ ಜನರ ಪೂರ್ವಿಕರು ಆಫ್ರಿಕಾದವರು. ಕನ್ನಡವನ್ನಾಡುವ ಅವರ ಮಕ್ಕಳ ತಲೆಯನ್ನು ಕಂಡು ಯಾವ ದೇಶದವರೆಂದು ಕೇಳುವ ಜನರು ಈ ನಾಡಿನಲ್ಲಿಯೂ ಇದ್ದಾರೆ. ಆದುದರಿಂದ ಇದು ದೂರದೇಶದ ಮಾತೆಂದು ನಿಶ್ಚಿಂತರಾಗಿರಲು ಕನ್ನಡಿಗರಿಗೂ ಅಧಿಕಾರವಿಲ್ಲ.

ಉಳಿದದ್ದು ಮೂರನೆಯ ಪ್ರಶ್ನೆ: ಭಾರವು ಯಾರದು? ಕಳೆದುಕೊಂಡವಳೇ ಹುಡುಕಬೇಕೆಂಬುದು ಲೋಕದ ರೂಢಿ. ಆದರೆ ಒಂದು ವಿದ್ಯೆಯು ಬಲಾತ್ಕಾರದಿಂದ ನಷ್ಟವಾಗಿದ್ದರೆ ಅದನ್ನು ಮರಳಿ ಕಟ್ಟುವ ಋಣವು ಇಡೀ ಸಮಾಜದ್ದು. ಬಹುಕಾಲ ಅಮೆರಿಕಾದ ಕೇಶಶಿಲ್ಪದ ಶಾಲೆಗಳು ನೆಟ್ಟಗಿನ ಕೂದಲನ್ನೇ ಮಾದರಿಯಾಗಿಟ್ಟುಕೊಂಡು ಕಲಿಸಿದವು. ಪರವಾನಗಿ ಪಡೆದವನಿಗೂ ಸುರುಳಿಗೂದಲನ್ನು ಮುಟ್ಟಲು ಬಾರದಿರಬಹುದಾಗಿತ್ತು. ೨೦೨೩ರಲ್ಲಿ ನ್ಯೂಯಾರ್ಕ್ ರಾಜ್ಯವು ಎಲ್ಲ ಬಗೆಯ ಕೂದಲಿನ ಉಪಚಾರವನ್ನೂ ಆ ಶಾಲೆಗಳಲ್ಲಿ ಕಲಿಸಬೇಕೆಂದು ಕಾನೂನು ಮಾಡಿದ್ದು ಈ ಋಣದ ಒಂದು ಅಲ್ಪ ಭಾಗದ ಪರಿಹಾರ. ಆಫ್ರಿಕಾ ಮೂಲದ ಮಗುವನ್ನು ದತ್ತು ತೆಗೆದುಕೊಂಡ ಬಿಳಿಯ ತಾಯ್ತಂದೆಗಳು ವಾರವಾರವೂ ಕುಳಿತು ಸಿಕ್ಕು ಬಿಡಿಸಲು ಕಲಿಯುವುದೂ ಅದೇ ಬಗೆಯ ಕರ್ತವ್ಯ. ಪ್ರೀತಿಯೊಂದಿದ್ದರೆ ಸಾಕೆನ್ನುವವರು ಒಣಗಿದ ತಲೆಗೆ ಬಾಚಣಿಗೆ ಹಾಕಿ ನೋಡಲಿ. ಕುಶಲತೆಯಿಲ್ಲದ ಪ್ರೀತಿಯು ಮಗುವಿನ ಕಣ್ಣಲ್ಲಿ ನೀರು ತರಿಸುವುದು.

ಕಡೆಯದಾಗಿ, ಈ ವಿದ್ಯೆಯ ಪ್ರವಾಹದಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಲೋಕದಲ್ಲಿ ವಿದ್ಯೆಯು ಹಿರಿಯರಿಂದ ಕಿರಿಯರಿಗೆ ಇಳಿಯುವುದು ಕ್ರಮ. ಇಲ್ಲಿ ಹಲವು ಮನೆಗಳಲ್ಲಿ ಅದು ಮೇಲಕ್ಕೆ ಹರಿಯುತ್ತಿದೆ. ಮಗಳು ಮೊದಲು ಕಲಿಯುತ್ತಾಳೆ. ತಾಯಿ ಅನುಮಾನದಿಂದ ನೋಡುತ್ತಾಳೆ. ಕೆಲವು ವರ್ಷಗಳ ಅನಂತರ ತಾಯಿಯೂ, ಕೆಲವೆಡೆ ಅಜ್ಜಿಯೂ, ಕ್ಷಾರದ ಡಬ್ಬಿಯನ್ನು ಬಿಟ್ಟು ಮಗಳ ಮೊಣಕಾಲಿನ ಬಳಿ ಬಂದು ಕುಳಿತುಕೊಳ್ಳುತ್ತಾಳೆ. ಅರವತ್ತು ವರ್ಷದ ಬಳಿಕ ತನ್ನ ಕೂದಲಿನ ನಿಜವಾದ ರೂಪವನ್ನು ಕಾಣುವ ಆ ವೃದ್ಧೆಗೆ ಅದು ಹೊಸ ವಸ್ತುವಿನ ಲಾಭವಲ್ಲ. ಇದ್ದುದನ್ನೇ ಇದು ತನ್ನದೆಂದು ಗುರುತಿಸುವ ಪ್ರತ್ಯಭಿಜ್ಞೆ. ಅಂಥ ಗುರುತಿಗೂ ಅಭ್ಯಾಸ ಬೇಕು, ಕಲಿಸುವ ಕೈ ಬೇಕು, ಕಾಯುವ ಕಾಲ ಬೇಕು. ಇವು ಮೂರೂ ಒದಗಿದ ಮನೆಯಲ್ಲಿ ಮುಂದೆ ಹುಟ್ಟುವ ಹೆಣ್ಣುಮಗುವು ಇದನ್ನೆಲ್ಲ ಕಲಿತದ್ದೆಂದು ತಿಳಿಯದೆಯೇ ಕಲಿತೀತು. ಸಹಜವೆಂಬ ಮಾತು ಆ ಮಗುವಿನ ಮಟ್ಟಿಗೆ ಮತ್ತೆ ನಿಜವಾದೀತು.